ಮೊಬೈಲಿನ ಮುಖಕ್ಕೆ ಕಬೂಲ್ ಇಲ್ಲ

"ನನಗ ಕಬೂಲ್ ಇಲ್ಲ!"

ಶಾಕಿರಾ ಅಂದಿದ್ದೇ ತಡ, ಅಣ್ಣ ಖಾಜಾಮಿಯಾನ ಏಟು ಬಿತ್ತು. ತುಟಿ ಒಡೆದು ರಕ್ತ ಬಂತು. ನಿಕಾಹ್‌ಗೆ ಅವಳ ಒಪ್ಪಿಗೆ ಕೇಳಲು ಒಳಗೆ ಬಂದಿದ್ದ ಹಿರಿಯರು ದಂಗಾದರು.

"ಮಂದ್ಯಾಗ ನನ್ನ ಮಾನ ಕಳಿತಿ ಏನು?" ಅವನು ಜಡೆ ಹಿಡಿದೆಳೆದ.

"ಕೊಲ್ಲು ಭಾಯಿ! ಈ ಧೋಕಾ ನನ್ನಿಂದ ಆಗಂಗಿಲ್ಲ!"

ಚಿಕ್ಕಂದಿನಲ್ಲಿ ಸ್ಟೋ ಸಿಡಿದು ಶಾಕಿರಾಳ ಎಡಗೆನ್ನೆ ಸುಟ್ಟಿತ್ತು. ಈ ವರ್ಷ ಬರಗಾಲಕ್ಕೆ ಔರಾದದ ಅರ್ಧ ಊರೇ ಗುಳೆ ಹೋಗಿತ್ತು. ಹಾಗೆ ಹೋಗಿ ಪುಣೆಯಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕಿದ್ದ ವರ ಮಕ್ಬೂಲ ಹೆಣ್ಣು ನೋಡಲು ಬರಲಾಗದೆ ಮೊಬೈಲಿನ ಫೋಟೊಕ್ಕೇ ಹೂಂ ಅಂದಿದ್ದ. ಆ ಫೋಟೊದಲ್ಲಿ ಕಲೆಯೇ ಇರಲಿಲ್ಲ! ಖಾಜಾಮಿಯಾ ಅದನ್ನು ಭಾಲ್ಕಿಯ ಅಂಗಡಿಯೊಂದರಲ್ಲಿ ಅಳಿಸಿ ಕಳಿಸಿದ್ದ. ಅಣ್ಣನ ಮೊಬೈಲಿನಲ್ಲಿ ಶಾಕಿರಾ ಅದನ್ನು ಕಂಡದ್ದು ಇವತ್ತು ಬೆಳಿಗ್ಗೆ.

"ಹುಡುಗಿಗಿ ಹುಡುಗ ಬ್ಯಾಡಂತ!"

ಸುದ್ದಿ ಚಪ್ಪರಕ್ಕೆ ಮುಟ್ಟಿತು. ಕುರ್ಚಿಗಳು ಹಾರಿದವು. ಗಂಡಿನ ಕಡೆಯ ಔರಾದದವರೂ ಹೆಣ್ಣಿನ ಕಡೆಯ ಚಿದ್ರಿಯವರೂ ಕೊರಳಪಟ್ಟಿ ಹಿಡಿದು ಬಡಿದಾಡಿದರು. ಮದುವೆಮನೆ ಹೋಗಿ ರಣರಂಗವಾಯಿತು.

"ನಾ ಏನು ತಪ್ಪು ಮಾಡೀನ್ರಿ?" ಮಕ್ಬೂಲ ಬಾಗಿಲಿಗೆ ನುಗ್ಗಿ ಬಂದ.

ಅದೇ ಹೊತ್ತಿಗೆ ಖಾಜಾಮಿಯಾ ತಂಗಿಯ ಮೇಲೆ ಬಡಿಗೆ ಎತ್ತಿದ್ದ. ಮಕ್ಬೂಲ ಅಡ್ಡ ಬಂದ. ಏಟು ಅವನ ಹಣೆಗೇ ಬಿತ್ತು! ರಕ್ತ ಹುಬ್ಬಿನ ಮೇಲೆ ಇಳಿಯಿತು. ಗದ್ದಲ ನಿಂತಿತು.

ಶಾಕಿರಾ ತಾನೇ ಮುಖದ ಮೇಲಿನ ಸೆರಗು ಸರಿಸಿದಳು.

"ತಪ್ಪು ನಿಮ್ದಲ್ರಿ... ನನ್ನ ಖರೇ ಮುಖ ಇದು. ಫೋಟೊದಾಗಿಂದು ಸುಳ್ಳು."

ಮುದಿ ಕಾಜಿ ಸಾಹೇಬರು ಮುಂದೆ ಬಂದರು. "ಮೋಜಿಗಿ ಫೋಟೊ ತಿದ್ದೂದು ಬ್ಯಾರೆ ಮಾತು. ಐಬು ಮುಚ್ಚಿ ನಿಕಾಹ್ ಮಾಡೂದು ಧೋಕಾ, ಗುನ್ಹಾ. ನಿಕಾಹ್‌ಕಿನ ಮದಲ ಮುಖ ನೋಡಾಕ ಷರಿಯತ್ತೇ ಪರವಾನಗಿ ಕೊಟ್ಟದ. ಬೇಟಾ ಮಕ್ಬೂಲ, ಬ್ಯಾಡ ಅನ್ನೂ ಹಕ್ಕು ನಿನಗದ."

ಮಕ್ಬೂಲ ಅವಳನ್ನೇ ನೋಡಿದ.

"ಫೋಟೊದಾಗಿನ ಹುಡುಗಿ ನನಗ ಬ್ಯಾಡರಿ," ಅಂದ.

ಮುಗಿಯಿತು! ಅವಳು ಕಣ್ಣು ಮುಚ್ಚಿಕೊಂಡಳು.

"ಹೊಡೆಸಿಕೊಂಡರೂ ನನಗ ಸುಳ್ಳು ಹೇಳಲಿಲ್ಲಲ್ಲ, ಈಕಿ ಬೇಕು," ಅಂದ ಮಕ್ಬೂಲ. "ಆದ್ರ ಈಕಿ ಮ್ಯಾಲ ಇನ್ನೊಮ್ಮಿ ಕೈ ಎತ್ತಿದವರನ್ನ ನಾ ಸುಮ್ಮನ ಬಿಡಂಗಿಲ್ಲ!"

ಖಾಜಾಮಿಯಾನ ಕೈಯಿಂದ ಬಡಿಗೆ ಜಾರಿತು. ಶಾಕಿರಾ ಅಳುತ್ತಲೇ ಕೇಳಿದಳು, "ಈ ಮುಖ ನೋಡಿ... ಅಂಜಿಕಿ ಆಗಲಿಲ್ಲೇನ್ರಿ?"

"ಆಗೇದ. ಇನ್ನೂ ಅದ."

"ಯಾತರದ್ದು?"

"ನೀ ಮತ್ತ 'ಕಬೂಲ್ ಇಲ್ಲ' ಅಂದ್ರ ಹ್ಯಾಂಗ ಅಂತ!"

ಒಡೆದ ತುಟಿಯಲ್ಲಿ ನಗು ಬಂದು ಉರಿಯಿತು.

"ಮದಲ ಹಣಿ ಒರೆಸಿಕೋರಿ," ಅಂದಳು ಶಾಕಿರಾ. "ಕಬೂಲ್ ಅದ."