ಎಡಕ್ಕೆ ವಾಲಿದ ಗಂಟೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಡ್ರೈವರ್ ಅಣ್ಣ ಮೆಟ್ಟಿಲು ಹತ್ತಿ ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ಖಾಲಿ ರಟ್ಟಿನ ಪೆಟ್ಟಿಗೆ. ಮೂವತ್ತು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತರಾದವರು. ಎಂಥ ಜನಜಂಗುಳಿಯಲ್ಲೂ ತಾಳ್ಮೆ ಕಳೆದುಕೊಂಡವರಲ್ಲ. ಅವತ್ತು ಮಾತ್ರ ಬಾಗಿಲಲ್ಲೇ ನಿಂತುಬಿಟ್ಟರು.

"ಅಕ್ಕಾ, ನನ್ನ ಬಂಡಿ ಹೋಯ್ತು," ಅಂದರು.

ಅತ್ತೆ ಹಿತ್ತಾಳೆಯ ತೂಕದ ಕಲ್ಲುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಡೀ ಸರ್ವಿಸು ಕಳೆದು ಬಂದ ಅವರಿಗೆ ಊರಲ್ಲಿ ತಕ್ಕಡಿ ಅಕ್ಕ ಎಂದೇ ಹೆಸರು. ಯಾರ ಮನೆಯಲ್ಲಿ ಏನು ಕಾಣೆಯಾದರೂ ಜನ ಮೊದಲು ಬರುತ್ತಿದ್ದದ್ದು ಅವರ ಹತ್ತಿರ. ಅವರ ಅಳಿಯ, ಅಂದರೆ ಅಣ್ಣನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವನು, ಅದೇ ಮನೆಯಲ್ಲಿ ಇದ್ದುಕೊಂಡು ಇಂಥ ಎಲ್ಲ ಓಡಾಟಗಳಿಗೂ ಅವರ ಜೊತೆಗಾರನಾಗಿದ್ದ. ಅವನು ಗೋಂದಿನ ಕೈ ಒರೆಸಿಕೊಂಡು ಡ್ರೈವರ್ ಅಣ್ಣನಿಗೆ ಕುರ್ಚಿ ಎಳೆದ.

"ಯಾವ ಬಂಡಿ? ಬೆಂಕಿ ಆರಿಸೋದಾ?" ಅತ್ತೆ ಕೇಳಿದರು.

"ಅದೇ. ಪೆಟ್ಟಿಗೆ ಬಿಟ್ಟು ಬಂಡಿ ತಗೊಂಡು ಹೋಗಿದಾರೆ. ದರ್ಜಿಯಮ್ಮ ಬಾಗಿಲು ಹಾಕ್ಕೊಂಡು ಕೂತಿದಾಳೆ. ನೀವು ಬರೋವರೆಗೂ ಯಾರೂ ಹೊರಗೆ ಹೋಗಬಾರದು ಅಂತ. ಎಲ್ಲಾರೂ ಅವಳ ಕಡೆನೇ ನೋಡ್ತಿದಾರೆ ಅಕ್ಕ, ಅದೇ ನನಗೆ ಬೇಜಾರು."

ಮುಂದೆ ಪುಟ್ಟ ಗಂಟೆಯಿದ್ದ ಅಂಗೈಯಗಲದ ಆ ಕೆಂಪು ಬಂಡಿಯನ್ನು ಊರಿನ ಹಳೆಯ ಆಟಿಕೆ ಕಂಪನಿ ನಲವತ್ತು ವರ್ಷಗಳ ಹಿಂದೆ ಲೋಹ ಕರಗಿಸಿ ಎರಕ ಹೊಯ್ದು ಮಾಡಿತ್ತು. ಡ್ರೈವರ್ ಅಣ್ಣ ಅದನ್ನು ತಂದದ್ದು ಮಗಳ ಮೂರನೇ ವರ್ಷಕ್ಕೆ. ಈಗ ಅಂಥವು ಸಿಗುವುದೇ ಅಪರೂಪ. ಇವರು, ದರ್ಜಿಯಮ್ಮ ಮತ್ತು ಹಲ್ಲಿನ ಡಾಕ್ಟರು ಮೂವರೂ ಸೇರಿ ಪುಟ್ಟ ಬಂಡಿ ಬಳಗ ಎಂದು ಕಟ್ಟಿಕೊಂಡಿದ್ದರು. ತಲೆ ನರೆತವರ ಆಟಿಕೆ ಹುಚ್ಚು ಎಂದು ಮನೆಯವರು ನಗುತ್ತಿದ್ದರೂ ಕಂಪನಿಯವರು ನಗುತ್ತಿರಲಿಲ್ಲ. ಬಳಗದ ತಿಂಗಳ ಪತ್ರಿಕೆಯನ್ನು ನೂರಾರು ಸಂಗ್ರಹಕಾರರು ಓದುತ್ತಿದ್ದರು.

ಅತ್ತೆ ತಕ್ಕಡಿಯ ಮರದ ಪೆಟ್ಟಿಗೆಯನ್ನು ಅಳಿಯನ ಕೈಗಿತ್ತರು. ಎರಡು ಬೀದಿ ದಾಟುವಷ್ಟರಲ್ಲಿ ಡ್ರೈವರ್ ಅಣ್ಣ ನಡೆದದ್ದನ್ನು ಹೇಳಿ ಮುಗಿಸಿದರು.

ಕಂಪನಿ ಆ ಬೆಂಕಿ ಬಂಡಿಯನ್ನು ಮತ್ತೆ ಮಾರುಕಟ್ಟೆಗೆ ಬಿಡಲಿತ್ತು. ಅದಕ್ಕೆ ಮುಂಚೆ ಬಳಗದ ಅಭಿಪ್ರಾಯ ಕೇಳಲು ಪ್ರಚಾರ ವಿಭಾಗದ ಅಧಿಕಾರಿಯನ್ನು ಕಳಿಸಿತ್ತು. ಒಂಬತ್ತು ಗಂಟೆಗೆ ಬಂದ ಆಕೆ ಬಳಗದ ಮೂವರಿಗೂ ಒಂದೊಂದು ಮುಚ್ಚಿದ ಪೆಟ್ಟಿಗೆ ಕೊಟ್ಟಳು. ಬಣ್ಣ ಐದು, ಯಾರಿಗೆ ಯಾವುದು ಎಂದು ಬಿಚ್ಚಿದ ಮೇಲೆಯೇ ಗೊತ್ತಾಗಬೇಕು. ಆಮೇಲೆ ಐದೂ ಬಣ್ಣದ ಬಂಡಿಗಳನ್ನು ಮೇಜಿನ ಮೇಲೆ ಜೋಡಿಸಿ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಜಾಹೀರಾತಿಗೆ ವಿಡಿಯೊ ತೆಗೆಯುತ್ತೇವೆ ಅಂದಳು. ಅದು ಯಾರಿಗೂ ಮೊದಲು ಗೊತ್ತಿರಲಿಲ್ಲ. ನಂತರ ಕುರ್ಚಿ, ಟೀ ಲೋಟ, ವೈರು ಎಂದು ಎಲ್ಲರೂ ಒಂದಿಷ್ಟು ಹೊತ್ತು ಮೆಟ್ಟಿಲು ಹತ್ತಿ ಇಳಿದರು. ಒಂಬತ್ತೂವರೆಗೆ ಹಳೆಯ ಬಂಡಿ ಇಟ್ಟಿದ್ದ ಬಳಗದ ಕಪಾಟು ತೆಗೆದರೆ ಪೆಟ್ಟಿಗೆ ಇತ್ತು, ಬಂಡಿ ಇರಲಿಲ್ಲ.

"ಕಪಾಟಿನ ಕೀಲಿ?"

"ಕೆಳಗೆ ದರ್ಜಿಯಮ್ಮನ ಮಿಷನ್ ಹಿಂದೆ ಮೊಳೆಗೆ ನೇತಾಡ್ತಿರುತ್ತೆ. ಎಲ್ಲಾರಿಗೂ ಗೊತ್ತು."

ಬಳಗದ ಕೋಣೆ ದರ್ಜಿಯಮ್ಮನ ಅಂಗಡಿಯ ಮೇಲೆಯೇ ಇತ್ತು. ಬಾಗಿಲು ತೆಗೆದವಳು ಅವಳೇ. ಕೊರಳಲ್ಲಿ ಅಳತೆ ಪಟ್ಟಿ, ಮುಖದಲ್ಲಿ ಸಿಟ್ಟು.

"ನನ್ನ ಚೀಲ, ಅಂಗಡಿ, ಎಲ್ಲಾ ನೋಡಿ ಆಯ್ತು ಅಕ್ಕ. ಇನ್ನು ಬಟ್ಟೆ ಹೊಲಿಗೆ ಬಿಚ್ಚಿ ನೋಡೋದೊಂದು ಬಾಕಿ."

ಹಲ್ಲಿನ ಡಾಕ್ಟರು ಕಿಟಕಿಯ ಪಕ್ಕ ಕೂತಿದ್ದರು. "ನಾನು ಯಾರ ಹೆಸರೂ ಹೇಳಲಿಲ್ಲಮ್ಮ. ಆಟಿಕೆ ಅಂದಮೇಲೆ ಮಕ್ಕಳು ಆಡಬೇಕು, ಕಪಾಟಲ್ಲಿ ಕೊಳೀಬಾರದು ಅಂತ ಪತ್ರಿಕೆಯಲ್ಲಿ ಬರೆದೋರು ನೀವು. ಅಷ್ಟೇ ನೆನಪು ಮಾಡಿದ್ದು."

ಪ್ರಚಾರದ ಅಧಿಕಾರಿ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಹನ್ನೆರಡಕ್ಕೆ ಅವಳಿಗೆ ಇನ್ನೊಂದು ಸಭೆಯಿತ್ತು.

ಯಾರು ಎಲ್ಲಿದ್ದಿರಿ, ಎಷ್ಟು ಹೊತ್ತಿಗೆ ಇದ್ದಿರಿ ಎಂದು ಅತ್ತೆ ಕೇಳುತ್ತಾರೆಂದು ಅಳಿಯ ಕಾದ. ಅವರು ಕುರ್ಚಿ ಎಳೆದು ಕೂತು, "ಹೊಸ ಬಂಡಿ ಹೇಗಿದೆ? ಒಬ್ಬೊಬ್ಬರೂ ಮನಸ್ಸು ಬಿಚ್ಚಿ ಹೇಳಿ," ಅಂದರು.

ಎಲ್ಲರೂ ಮುಖ ಮುಖ ನೋಡಿಕೊಂಡರು. ಮೊದಲು ಬಾಯಿ ತೆರೆದವಳು ದರ್ಜಿಯಮ್ಮ.

"ನನಗೆ ಹಿಡಿಸಲಿಲ್ಲ. ಮುಂಚೆ ತಳ ಲೋಹದ್ದಿತ್ತು, ಈಗ ಪ್ಲಾಸ್ಟಿಕ್ಕು. ಕೈಗೆ ಹಿಡಿದರೆ ಗಾಳಿ ಹಿಡಿದ ಹಾಗಿದೆ. ಇನ್ನು ಈ ಕಣ್ಣುಮುಚ್ಚಾಲೆ ಪೆಟ್ಟಿಗೆ. ಕೆಂಪು ಬೇಕು ಅಂತ ಮಗು ಅತ್ತರೆ ಅವರಪ್ಪ ಎಷ್ಟು ಪೆಟ್ಟಿಗೆ ತರಬೇಕು? ಮಕ್ಕಳಿಗೆ ಮಾಡ್ತಿದೀರೋ, ನಮ್ಮಂಥ ಹುಚ್ಚರ ಕಪಾಟಿಗೆ ಮಾಡ್ತಿದೀರೋ, ಮೊದಲು ತೀರ್ಮಾನ ಮಾಡಿ." ಅವಳ ಎದುರು ಬಿಚ್ಚಿದ ಪೆಟ್ಟಿಗೆಯೂ ಬಿಳಿ ಬಂಡಿಯೂ ಇದ್ದವು.

ಡ್ರೈವರ್ ಅಣ್ಣನಿಗೆ ಸಿಕ್ಕಿದ್ದು ಹಳದಿ. "ಬೆಂಕಿ ಬಂಡಿ ಹಳದಿ ಇದ್ದರೆ ಯಾರು ದಾರಿ ಬಿಡ್ತಾರೆ ಅಕ್ಕ? ಗಂಟೆ ಮಾತ್ರ ನಂದರ ಹಾಗೇ ಎಡಕ್ಕೆ ವಾಲಿದೆ. ನಂದು ಮಗಳು ಮೆಟ್ಟಿಲ ಮೇಲಿಂದ ಬೀಳಿಸಿದ್ದಕ್ಕೆ ವಾಲಿದ್ದು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಎಲ್ಲಾ ಬಂಡಿನೂ ಹಾಗೇ ಅಂತೆ."

"ಹೌದು," ಎಂದಳು ಅಧಿಕಾರಿ. "ಅದು ಹಳೆ ಅಚ್ಚಿನ ಲಕ್ಷಣ ಅಂತ ನಮ್ಮ ಆಫೀಸಲ್ಲಿ ಹೇಳಿದಾರೆ. ನಮ್ಮ ಜಾಹೀರಾತೇ 'ಅದೇ ಅಚ್ಚು, ಅದೇ ಬಂಡಿ' ಅಂತ."

"ಡಾಕ್ಟರೇ, ನೀವು?"

"ಚೆನ್ನಾಗಿದೆ. ಅಚ್ಚುಕಟ್ಟಾಗಿದೆ. ನನ್ನದೇನೂ ತಕರಾರಿಲ್ಲ."

ದರ್ಜಿಯಮ್ಮ ತಟ್ಟನೆ ತಲೆಯೆತ್ತಿ ಅವರನ್ನು ನೋಡಿದಳು. ಹೋದ ವರ್ಷ ಒಂದು ಹಾಲಿನ ಲಾರಿಯ ನೀಲಿ ಬಣ್ಣ ಒಂದಿಷ್ಟು ತೆಳುವಾಯಿತೆಂದು ಇದೇ ಡಾಕ್ಟರು ಪತ್ರಿಕೆಯಲ್ಲಿ ನಾಲ್ಕು ಪುಟ ಬರೆದಿದ್ದರು. ಅವರ ಪೆಟ್ಟಿಗೆ ಮಾತ್ರ ಮುಚ್ಚಿದ ಹಾಗೇ ತೊಡೆಯ ಮೇಲಿತ್ತು. ಅದರಲ್ಲಿ ಯಾರಿಗೂ ಹೊಸತೇನೂ ಕಾಣಲಿಲ್ಲ. ಕೊಂಡ ಪೆಟ್ಟಿಗೆಯನ್ನು ಅವರು ಎಂದೂ ಬಿಚ್ಚಿದವರಲ್ಲ. ಮನೆಯ ಗೋಡೆ ತುಂಬ ಮುಚ್ಚಿದ ಪೆಟ್ಟಿಗೆಗಳೇ. ಬೆಂಕಿ ಬಂಡಿಯೂ ಅವರಲ್ಲಿ ಒಂದಿತ್ತು, ನಲವತ್ತು ವರ್ಷದಿಂದ ಬೆಳಕು ಕಾಣದ್ದು.

ಅತ್ತೆ ಎದ್ದು ಕಪಾಟನ್ನೂ ಹಳೆಯ ಖಾಲಿ ಪೆಟ್ಟಿಗೆಯನ್ನೂ ನೋಡಿದರು. "ಸಂಗ್ರಹ ಮಾಡೋರಿಗೆ ಈ ಪೆಟ್ಟಿಗೆ ಮುಖ್ಯವಾ?"

"ಬಂಡಿಯಷ್ಟೇ ಮುಖ್ಯ. ಪೆಟ್ಟಿಗೆ ಇಲ್ಲದಿದ್ದರೆ ಅರ್ಧ ಮರ್ಯಾದೆ," ಎಂದರು ಡ್ರೈವರ್ ಅಣ್ಣ.

ಅತ್ತೆ ಮೇಜಿನ ಹತ್ತಿರ ಹೋದರು. ನೀಲಿ ಬಟ್ಟೆಯ ಮೇಲೆ ಕಂಪನಿಯ ಬಂಡಿಗಳು ಸಾಲಾಗಿ ನಿಂತಿದ್ದವು. ಅಳಿಯ ಎಣಿಸಿದ: ಕೆಂಪು, ಹಳದಿ, ಬಿಳಿ, ನೀಲಿ, ಹಸಿರು, ಮತ್ತೊಂದು ಹಸಿರು. ಕಂಪನಿಯವರೇ ಒಂದು ಹೆಚ್ಚು ತಂದಿರಬೇಕೆಂದು ಸುಮ್ಮನಾದ.

"ಇದರ ಹಳೇದು ಇನ್ನೊಂದು ನೋಡೋಕೆ ಸಿಗುತ್ತಾ?" ಅತ್ತೆ ಕೇಳಿದರು.

"ನನ್ನ ಹತ್ತಿರ ಒಂದು ಮುರುಕಲು ಇದೆ," ಎಂದಳು ದರ್ಜಿಯಮ್ಮ. "ಹೋದ ವಾರ ಗುಜರಿಯಲ್ಲಿ ಸಿಕ್ಕಿದ್ದು. ಚಕ್ರ ಇಲ್ಲ, ಬಣ್ಣ ಇಲ್ಲ, ಅದಕ್ಕೇ ಯಾರಿಗೂ ತೋರಿಸಿರಲಿಲ್ಲ." ಕೆಳಗೆ ಹೋಗಿ ಗುಂಡಿಗಳ ಡಬ್ಬಿಯಿಂದ ಅದನ್ನು ತಂದಳು.

ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಬಂಡಿಯ ಮೈಯೆಲ್ಲ ಸವೆದಿದ್ದರೂ ಗಂಟೆ ನೆಟ್ಟಗೆ ನಿಂತಿತ್ತು. ಸೊಂಟದ ಚೀಲದಿಂದ ಅಳತೆಯ ಕ್ಯಾಲಿಪರ್ ತೆಗೆದು ಮೊದಲು ಅದರ ಉದ್ದ ಹಿಡಿದರು, ಆಮೇಲೆ ಹೊಸ ಕೆಂಪು ಬಂಡಿಯದು. ಹೊಸದು ಕೂದಲೆಳೆಯಷ್ಟು ಗಿಡ್ಡ. ಡಾಕ್ಟರು ಕಿಟಕಿಯಿಂದ ಹೊರಗೆ ನೋಡತೊಡಗಿದರು.

"ತಕ್ಕಡಿ ಕಟ್ಟೋ," ಎಂದರು ಅತ್ತೆ.

ಅಳಿಯ ಮೇಜಿನ ಒಂದು ತುದಿಯಲ್ಲಿ ತಕ್ಕಡಿ ನಿಲ್ಲಿಸಿದ. ಎಲ್ಲರೂ ಸುತ್ತ ಕೂತರು.

"ಕಳ್ಳ ಹೇಗೆ ಬಂದ ಅಂತ ನಾನು ಯೋಚನೆ ಮಾಡಲಿಲ್ಲ, ಕೀಲಿ ಎಲ್ಲಾರಿಗೂ ಗೊತ್ತಿತ್ತು," ಅತ್ತೆ ಶುರುಮಾಡಿದರು. "ಯಾಕೆ ಅಂತ ಯೋಚನೆ ಮಾಡಿದೆ. ಬಂಡಿ ಮೇಲೆ ಆಸೆ ಇದ್ದೋನು ಪೆಟ್ಟಿಗೆ ಬಿಡ್ತಿರಲಿಲ್ಲ. ಅಂದ್ರೆ ಇಟ್ಟುಕೊಳ್ಳೋಕೆ ತಗೊಂಡಿದ್ದಲ್ಲ, ಕಾಣದ ಹಾಗೆ ಮಾಡೋಕೆ ತಗೊಂಡಿದ್ದು. ಹಳೇದು ಹೊಸದರ ಪಕ್ಕ ಕೂತರೆ ಯಾರಿಗೋ ತೊಂದರೆ ಇತ್ತು."

"ಅದರಿಂದ ಏನು ತೊಂದರೆ?" ಅಧಿಕಾರಿ ಕೇಳಿದಳು.

"ಹಳೆ ಅಚ್ಚಲ್ಲಿ ಗಂಟೆ ವಾಲಿರಲಿಲ್ಲ. ಈ ಮುರುಕಲು ನೋಡು, ನೆಟ್ಟಗಿದೆ. ವಾಲಿದ್ದು ಒಂದೇ ಒಂದು ಬಂಡಿ, ಇವರ ಮಗಳು ಬೀಳಿಸಿದ್ದು. ನಿಮ್ಮ ಹೊಸದೆಲ್ಲಾ ವಾಲಿವೆ ಅಂದ್ರೆ ಹಳೆ ಅಚ್ಚಿಂದ ಬಂದಿದ್ದಲ್ಲ, ಇವರ ಬಂಡಿ ಮೇಲೆ ಅಚ್ಚು ತೆಗೆದು ಮಾಡಿದ್ದು. ಎರಕದ ಲೋಹ ಆರಿದಾಗ ಕುಗ್ಗುತ್ತೆ. ಅದಕ್ಕೇ ನಕಲು ಯಾವತ್ತೂ ಒಂದೆಳೆ ಗಿಡ್ಡ."

ಅಧಿಕಾರಿ ಹೊಸ ಕೆಂಪು ಬಂಡಿಯ ಗಂಟೆಯನ್ನು ಮುಟ್ಟಿ ನೋಡಿದಳು. "ಹಳೆ ಅಚ್ಚು ಸಿಕ್ಕಿದೆ ಅಂತಾನೇ ನನಗೆ ಹೇಳಿದ್ದು."

"ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಪಕ್ಕಪಕ್ಕ ಇಟ್ಟು ವಿಡಿಯೊ ತೆಗೀತೀನಿ ಅಂತಿರಲಿಲ್ಲ." ಅತ್ತೆ ಡ್ರೈವರ್ ಅಣ್ಣನ ಕಡೆ ತಿರುಗಿದರು. "ನಿಮ್ಮ ಬಂಡಿ ಯಾವತ್ತಾದರೂ ಬೇರೆಯವರ ಕೈಗೆ ಹೋಗಿತ್ತಾ?"

ಡ್ರೈವರ್ ಅಣ್ಣ ಡಾಕ್ಟರ ಕಡೆ ಒಮ್ಮೆ ನೋಡಿದರು. "ನಾಲ್ಕು ತಿಂಗಳ ಹಿಂದೆ. ಏಣಿಗೆ ತುಕ್ಕು ಹಿಡಿದಿದೆ, ಕ್ಲೀನ್ ಮಾಡಿಕೊಡ್ತೀನಿ ಅಂತ ಡಾಕ್ಟರು ಒಂದು ವಾರ ಇಟ್ಟುಕೊಂಡಿದ್ದರು."

"ಒಂದು ವಾರ ಇಟ್ಟುಕೊಂಡರೆ ತಪ್ಪಾ?" ಡಾಕ್ಟರು ಅಂದರು.

"ತಪ್ಪಲ್ಲ. ಹಲ್ಲಿನ ಅಚ್ಚು ತೆಗೆಯೋ ಕೈಗೆ ಆಟಿಕೆ ಅಚ್ಚು ತೆಗೆಯೋದು ಕಷ್ಟನೂ ಅಲ್ಲ. ನಿಮ್ಮ ಪೆಟ್ಟಿಗೆ ಕೊಡಿ."

"ಅದು ಬಿಚ್ಚೋ ಹಾಗಿಲ್ಲ. ನಾನು ಬಿಚ್ಚೋದಿಲ್ಲ ಅಂತ ಎಲ್ಲಾರಿಗೂ ಗೊತ್ತು."

"ಬಿಚ್ಚೋದು ಬೇಡ. ತೂಗೋದಷ್ಟೇ."

ಅತ್ತೆ ದರ್ಜಿಯಮ್ಮನ ಬಂಡಿಯನ್ನು ಅದರ ಪೆಟ್ಟಿಗೆ ಸಮೇತ ಒಂದು ತಟ್ಟೆಯಲ್ಲಿ, ಡ್ರೈವರ್ ಅಣ್ಣನದನ್ನು ಇನ್ನೊಂದರಲ್ಲಿ ಇಟ್ಟರು. ಮುಳ್ಳು ನಡುವೆ ನಿಂತಿತು. ಡ್ರೈವರ್ ಅಣ್ಣನದನ್ನು ತೆಗೆದು ಕೈ ಚಾಚಿದರು. ಡಾಕ್ಟರು ಕೊಡಲಿಲ್ಲ; ದರ್ಜಿಯಮ್ಮ ಅವರ ತೊಡೆಯ ಮೇಲಿಂದ ಪೆಟ್ಟಿಗೆಯನ್ನು ಎತ್ತಿ ತಟ್ಟೆಗಿಟ್ಟಳು. ತಟ್ಟೆ ಠಣ್ಣೆಂದು ಮೇಜಿಗೆ ಬಡಿಯಿತು.

"ಹೊಸದರ ತಳ ಪ್ಲಾಸ್ಟಿಕ್ಕು, ಹಳೇದರದು ಲೋಹ," ಎಂದರು ಅತ್ತೆ. "ಅಳಿಯ, ಆ ಮುಚ್ಚಳದ ಚೀಟಿ ನೋಡೋ."

ಕಾಗದದ ವಿಷಯ ಅವನ ಕಸುಬು. ದುಂಡನೆಯ ಚೀಟಿಯ ಅಂಚಿನಲ್ಲಿ ಬೆರಳಾಡಿಸಿದ. "ಉಗುರಿಂದ ಎಬ್ಬಿಸಿ ಮತ್ತೆ ಒತ್ತಿದಾರೆ ಅತ್ತೆ. ಅಂಚಲ್ಲಿ ನಾರು ಎದ್ದಿದೆ. ಬಹಳ ನಾಜೂಕು ಕೈ."

"ಒಳಗಿದ್ದ ಹೊಸ ಬಂಡಿ ಎಲ್ಲಿಗೆ ಹೋಗಬೇಕು? ಮೇಜಿನ ಮೇಲೆ ಎರಡು ಹಸಿರಿವೆ. ಐದರ ಜಾಗದಲ್ಲಿ ಆರು. ಎಲ್ಲಾರೂ ಅದು ಇನ್ನೊಬ್ಬರದು ಅಂದ್ಕೊಂಡರು. ಇದನ್ನ ಮುಂಚೆಯೇ ಯೋಚಿಸಿ ಮಾಡಿದ್ದಲ್ಲ. ವಿಡಿಯೊ ಮಾತು ಕೇಳಿದ ಮೇಲೆ ಕೈಗೆ ತೋಚಿದ್ದು. ಡಾಕ್ಟರು ಬಿಚ್ಚದ ಪೆಟ್ಟಿಗೆಯನ್ನ ಯಾರೂ ಬಿಚ್ಚು ಅನ್ನೋದಿಲ್ಲ, ಅದಕ್ಕಿಂತ ಭದ್ರವಾದ ಜಾಗ ಈ ಕೋಣೆಯಲ್ಲಿರಲಿಲ್ಲ. ನನಗೆ ಅನುಮಾನ ಹುಟ್ಟಿಸಿದ್ದು ಅದಲ್ಲ. ನಾಲ್ಕು ಪುಟ ತಕರಾರು ಬರೆಯೋ ಮನುಷ್ಯ ಪ್ಲಾಸ್ಟಿಕ್ ತಳ ಕಂಡೂ ಚೆನ್ನಾಗಿದೆ ಅಂದಿದ್ದು."

ಡ್ರೈವರ್ ಅಣ್ಣ ಪೆಟ್ಟಿಗೆ ಬಿಚ್ಚಿದರು. ಕೆಂಪು ಬಂಡಿ ಹೊರಬಂತು. ಅದನ್ನು ಹೊಸ ಕೆಂಪಿನ ಪಕ್ಕ ಇಟ್ಟಾಗ ಎರಡು ಗಂಟೆಗಳೂ ಒಂದೇ ಓರೆಯಲ್ಲಿ ವಾಲಿ ನಿಂತವು.

ಡಾಕ್ಟರು ನೆಲ ನೋಡುತ್ತಲೇ ಮಾತಾಡಿದರು. "ಕಂಪನಿಯವರ ಹಳೆ ಅಚ್ಚು ಯಾವತ್ತೋ ಗುಜರಿಗೆ ಹೋಗಿತ್ತು. ಮಾದರಿ ಕೊಟ್ಟರೆ ಪೆಟ್ಟಿಗೆ ಮೇಲೆ ಸಲಹೆಗಾರ ಅಂತ ಹೆಸರು ಹಾಕ್ತೀವಿ ಅಂದರು. ನಂದನ್ನೇ ಕೊಡೋಣ ಅಂತ ಮೂರು ದಿನ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಬಿಚ್ಚೋಕೆ ಮನಸ್ಸು ಬರಲಿಲ್ಲ."

"ಕೇಳಿದ್ದರೆ ಕೊಡ್ತಿದ್ದೆನಲ್ಲ," ಎಂದರು ಡ್ರೈವರ್ ಅಣ್ಣ. ಡಾಕ್ಟರು ದರ್ಜಿಯಮ್ಮನ ಕಡೆ ತಿರುಗಿ ಕೈಮುಗಿದು ಎದ್ದು ಹೋದರು.

ಅಧಿಕಾರಿ ಹನ್ನೆರಡರ ಸಭೆಗೆ ಹೋಗಲಿಲ್ಲ. ದರ್ಜಿಯಮ್ಮ ಹೇಳಿದ್ದನ್ನೂ ಡ್ರೈವರ್ ಅಣ್ಣ ಹೇಳಿದ್ದನ್ನೂ ಮೂರು ಹಾಳೆ ತುಂಬ ಬರೆದುಕೊಂಡಳು. 'ಅದೇ ಅಚ್ಚು' ಎಂಬ ಮಾತು ಜಾಹೀರಾತಿನಿಂದ ಹೋಯಿತು. ತಳ ಪ್ಲಾಸ್ಟಿಕ್ಕಾಗಿಯೇ ಉಳಿಯಿತು, ಆದರೆ ಒಳಗಿನ ಬಣ್ಣ ಯಾವುದೆಂದು ಪೆಟ್ಟಿಗೆಯ ಮೇಲೆ ಬರೆಯಲು ಕಂಪನಿ ಒಪ್ಪಿತು.

ಮುಂದಿನ ಸಭೆಗೆ ಡಾಕ್ಟರು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಒಂದು ಬುಧವಾರ ಡ್ರೈವರ್ ಅಣ್ಣ ಬೈಂಡಿಂಗ್ ಅಂಗಡಿಗೆ ಬಂದು, "ಹಲ್ಲು ತೋರಿಸಬೇಕು, ಜೊತೆಗೆ ಬಾರೋ," ಎಂದು ಅಳಿಯನನ್ನು ಕರೆದುಕೊಂಡು ಹೋದರು.

ಅವರನ್ನು ಕಂಡ ಡಾಕ್ಟರು ಕೈಗವಸು ಹಾಕಿಕೊಂಡರು. ಡ್ರೈವರ್ ಅಣ್ಣ ಉದ್ದನೆಯ ಕುರ್ಚಿಯಲ್ಲಿ ಒರಗಿ ಬಾಯಿ ಅಗಲಿಸಿದರು. ಡಾಕ್ಟರು ದೀಪ ಬಗ್ಗಿಸಿ, ಪುಟ್ಟ ಕನ್ನಡಿಯಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಎಲ್ಲ ನೋಡಿದರು.

"ಎಲ್ಲಾ ಗಟ್ಟಿಯಾಗಿವೆಯಲ್ಲ," ಅಂದರು. "ಯಾವುದು ನೋವು?"

"ಯಾವುದೂ ಇಲ್ಲ."

"ಮತ್ತೆ ಯಾಕೆ ಬಂದ್ರಿ?"

ಡ್ರೈವರ್ ಅಣ್ಣ ಎದ್ದು ಕೂತು ಬಾಯಿ ಒರೆಸಿಕೊಂಡರು. "ಕಂಪನಿಯವರು ಹೊಸ ಟ್ರ್ಯಾಕ್ಟರ್ ಕಳಿಸಿದಾರೆ. ಬಣ್ಣ ಏನೂ ಸರಿಯಿಲ್ಲ. ಭಾನುವಾರ ಬಂದು ನಾಲ್ಕು ಪುಟ ಬರೀರಿ."