ಚೆನ್ನಾಜಿ ಸ್ಪ್ಯಾನಿಷ್ ಕಲಿತದ್ದು

ಬಹಳ ಹಿಂದೆ, ಅಲೆಗಳು ಕೋಟೆಯ ಮೆಟ್ಟಿಲು ತೊಳೆಯುತ್ತಿದ್ದ ಮುತ್ತಿನಕೋಟೆ ರಾಜ್ಯದಲ್ಲಿ ಚೆನ್ನಾಜಿ ಎಂಬ ಬಳೆಗಾರ್ತಿ ಇದ್ದಳು. ಅವಳಿಗೆ ದಿಕ್ಕೆಂದರೆ ಅಕ್ಕ ಸಾತವ್ವ ಒಬ್ಬಳೇ. ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಸಾತವ್ವನನ್ನು ಗಿಣಿ ಮಾಡಿ ಗುಡ್ಡದ ಮೇಲಿನ ಅರಮನೆಗೆ ಒಯ್ದ. "ಹುಣ್ಣಿಮೆಯೊಳಗೆ ಬಿಡಿಸದಿದ್ದರೆ ಇವಳು ಸಾಯುವ ತನಕ ಗಿಣಿಯೇ" ಎಂದು ಸಾರಿದ.

ಅವನ ಮಂತ್ರಗಳೆಲ್ಲ ಸ್ಪ್ಯಾನಿಷ್ ಭಾಷೆಯವು. ಒಡೆದ ಹಡಗೊಂದರಲ್ಲಿದ್ದ ಮಂತ್ರದ ಪುಸ್ತಕ ಅವನ ಕೈಗೆ ಸಿಕ್ಕಿತ್ತು. ಅದೇ ಹಡಗಿನಿಂದ ಬದುಕಿ ಬಂದ ಇನೆಸಮ್ಮ ದಡದಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದಳು. ಚೆನ್ನಾಜಿ ಹೋಗಿ ಅವಳ ಒಲೆಯ ಮುಂದೆ ಕುಳಿತಳು.

"ಆ ಪುಸ್ತಕಕ್ಕೆ ಒಂದು ಕಟ್ಟಳೆ ಉಂಟು" ಎಂದಳು ಇನೆಸಮ್ಮ. "ಮಂತ್ರ ಕೇಳಿಸಿಕೊಂಡವರು ಅದೇ ಭಾಷೆಯಲ್ಲಿ 'ತಿಳೀಲಿಲ್ಲ' ಅಂದ್ರೆ, ಮಂತ್ರ ಹಾಕೋನು ತಿಳಿಯೋ ಹಾಗೆ ಮತ್ತೆ ಹೇಳ್ಬೇಕು. ಆಗದಿದ್ರೆ ಅವನು ಹಾಕಿದ ಮಂತ್ರವೆಲ್ಲ ಸತ್ತ ಹಾಗೆ. ಭಾಷೆ ಬರದವರು ಏನು ಕೇಳ್ಯಾರು? ನೀನು ಕಲಿ."

ಮೊದಲ ವಾರ ಚೆನ್ನಾಜಿಯ ತಲೆ ಗಿರ್ರೆಂದಿತು. ಆ ಭಾಷೆಯಲ್ಲಿ ಪುಸ್ತಕ ಗಂಡಂತೆ, ಅದರ ಮುಂದೆ 'ಎಲ್' ಬೇಕಂತೆ. ಮೇಜು ಹೆಣ್ಣಂತೆ, ಅದಕ್ಕೆ 'ಲಾ' ಅಂತೆ!

"ಮೇಜಿಗೆ ಸೀರೆ ಉಡಿಸ್ತೀರೇನಮ್ಮ?" ಎಂದು ರೇಗಿದಳು.

ಆದರೆ 'ಆಬ್ಲೊ' ಎಂದರೆ ಮಾತಾಡುತ್ತೇನೆ, 'ಆಬ್ಲಾಸ್' ಎಂದರೆ ಮಾತಾಡುತ್ತೀಯ ಎಂದಾಗ ಅವಳಿಗೆ ಜೀವ ಬಂತು. "ನಮ್ಮಲ್ಲೂ ಹಾಗೇ ಅಲ್ವಾ! ಕ್ರಿಯಾಪದದ ಬಾಲ ನೋಡಿದ್ರೆ ಆಳು ಯಾರೂಂತ ಗೊತ್ತಾಗುತ್ತೆ."

ಹುಣ್ಣಿಮೆಯ ದಿನ ಬೆಳಿಗ್ಗೆ ಗುಡ್ಡ ಹತ್ತಿದಳು. ಅರ್ಧ ದಾರಿಯಲ್ಲಿ ಮಾಂತ್ರಿಕನ ಕಾವಲಿನ ಹುಲಿಯೊಂದು ಅಡ್ಡ ಬಂತು.

"ಕಿಯೆನ್ ಎರೆಸ್?" ಯಾರು ನೀನು?

"ಸೊಯ್ ಚೆನ್ನಾಜಿ." ನಾನು ಚೆನ್ನಾಜಿ.

"ಕೋಮೊ ಎಸ್ತಾಸ್?" ಹೇಗಿದ್ದೀಯ?

ನಾನು ಯಾರು ಎನ್ನಲು ಒಂದು ಪದ, ಹೇಗಿದ್ದೇನೆ ಎನ್ನಲು ಇನ್ನೊಂದು. ಅದನ್ನು ಕಲಿಯಲು ಅವಳಿಗೆ ನಾಲ್ಕು ದಿನ ಹಿಡಿದಿತ್ತು. "ಎಸ್ತೊಯ್ ಕನ್ಸಾದಾ" ಎಂದಳು, ದಣಿದಿದ್ದೇನೆ. ಹುಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಮುಂದೆ ಅರಮನೆಯ ಬಾಗಿಲು. ಅಲ್ಲಿ, ಮಾಂತ್ರಿಕನನ್ನು ಸೋಲಿಸಲು ಹಿಂದೆಯೇ ಬಂದಿದ್ದ ರಾಜನ ಆಸ್ಥಾನದ ಏಳು ಪಂಡಿತರು ಕಲ್ಲಾಗಿ ನಿಂತಿದ್ದರು. ಹತ್ತು ಎಣಿಸುವುದರೊಳಗೆ 'ತೆರೆ' ಎಂದು ಬಾಗಿಲನ್ನು ಸ್ಪ್ಯಾನಿಷ್‌ನಲ್ಲಿ ಕೇಳಬೇಕಿತ್ತು, ಇಲ್ಲವಾದರೆ ಕಲ್ಲಾಗಬೇಕಿತ್ತು. ತಪ್ಪಾದರೆ ಮಾನ ಹೋದೀತೆಂದು ಅವರು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತ ನಿಂತುಬಿಟ್ಟಿದ್ದರು. ಚೆನ್ನಾಜಿಯೂ ಮನಸ್ಸಿನಲ್ಲೇ ವಾಕ್ಯ ತಿದ್ದತೊಡಗಿದಳು. ಎಂಟು, ಒಂಬತ್ತು... ಕಾಲ್ಬೆರಳು ಆಗಲೇ ಕಲ್ಲಾಗತೊಡಗಿತ್ತು.

ಕಣ್ಣು ಮುಚ್ಚಿ ಕೂಗಿದಳು: "ಆಬ್ರೆ ಎಲ್ ಪುಯೆರ್ತಾ!" ಬಾಗಿಲು ತೆರೆ!

"ಲಾ ಪುಯೆರ್ತಾ!" ಎಂದು ಬಾಗಿಲು ಗೊಣಗಿತು. "ನಾನು ಹೆಣ್ಣು, ಕಾಣೋದಿಲ್ವಾ?" ಗೊಣಗುತ್ತಲೇ ತೆರೆದುಕೊಂಡಿತು. ಚೆನ್ನಾಜಿಗೆ ಅಳುವಷ್ಟು ಸಮಾಧಾನವಾಯಿತು. ತಪ್ಪು ಮಾತಾಡಿಯೂ ಅವಳು ಬದುಕಿದ್ದಳು.

ಒಳಗೆ ಧೂಮಕೇಶ ಗಿಣಿಯ ಪಂಜರ ಹಿಡಿದು ನಿಂತಿದ್ದ. ಇವಳನ್ನು ಗೊರವಂಕ ಮಾಡಲು ಒಂದೇ ಉಸಿರಿಗೆ ಗಡಗಡ ಮಂತ್ರ ಹೇಳತೊಡಗಿದ. ಚೆನ್ನಾಜಿಗೆ ಒಂದಕ್ಷರವೂ ತಿಳಿಯಲಿಲ್ಲ. ತೋಳಿನ ಮೇಲೆ ಗರಿ ಮೂಡಿತು. ಇನೆಸಮ್ಮ ಬಿರುಸಾಗಿ ಮಾತಾಡಿದಾಗೆಲ್ಲ ತಾನು ಬೇಡಿಕೊಳ್ಳುತ್ತಿದ್ದ ಮಾತೇ ಬಾಯಿಗೆ ಬಂತು.

"ನೊ ಎಂತಿಯೆಂದೊ. ಮಾಸ್ ದೆಸ್ಪಾಸಿಯೊ, ಪೊರ್ ಫವೋರ್." ತಿಳಿಯಲಿಲ್ಲ. ಇನ್ನೂ ನಿಧಾನ, ದಯವಿಟ್ಟು.

ಧೂಮಕೇಶ ತಬ್ಬಿಬ್ಬಾದ. ಅರ್ಥ ಅವನಿಗೂ ಗೊತ್ತಿರಲಿಲ್ಲ, ಎಲ್ಲ ಬಾಯಿಪಾಠ! ಮಗ್ಗಿಯ ಮಧ್ಯೆ ತಡವರಿಸಿದ ಹುಡುಗನ ಹಾಗೆ ಮತ್ತೆ ಮೊದಲಿನಿಂದ ಶುರುಮಾಡಿದ. ನಿಧಾನಿಸಿದ, ಮರೆತ. ಇನ್ನೊಮ್ಮೆ ಶುರುಮಾಡಿದ, ಅಲ್ಲೇ ಮರೆತ.

"ಮಾಸ್ ದೆಸ್ಪಾಸಿಯೊ" ಎಂದಳು ಚೆನ್ನಾಜಿ, ಮರ್ಯಾದೆಯಿಂದಲೇ.

ಮೂರನೆಯ ಸಲ ಅವನ ಬಾಯಿಂದ ಬರೀ ಹೊಗೆ ಬಂತು. ಹೊಗೆಯ ಜೊತೆ ಅವನೂ ಕಿಟಕಿಯಿಂದ ಹೊರಗೆ ಹೋದ. ಗರಿ ಉದುರಿತು, ಪಂಜರ ಮುರಿಯಿತು, ಹೊರಗೆ ಏಳು ಪಂಡಿತರು ಒಟ್ಟಿಗೆ ಸೀನಿದರು.

ಪಂಜರವಿದ್ದಲ್ಲಿ ಸಾತವ್ವ ಕೂತಿದ್ದಳು. "ಏನೇ ಚೆನ್ನಿ, ಬೇಗ ಬರೋಕೆ ಏನಾಗಿತ್ತು? ಹಸಿಮೆಣಸಿನಕಾಯಿ ತಿಂದೂ ತಿಂದೂ ನಾಲಿಗೆ ಸುಟ್ಟುಹೋಯ್ತು ಕಣೇ!"

ಚೆನ್ನಾಜಿ ಅಕ್ಕನ ಕೊರಳು ತಬ್ಬಿಕೊಂಡು, ಒಂದು ತಿಂಗಳಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಅಪ್ಪಟ ಕನ್ನಡದಲ್ಲಿ ಅತ್ತಳು. ಆಮೇಲೆ ಅಕ್ಕತಂಗಿಯರು ಮನೆಗೆ ಹೋಗಿ ಹೊಟ್ಟೆತುಂಬ ಮೊಸರನ್ನ ಉಂಡು ಸುಖವಾಗಿದ್ದರು.