ರಸೀದಿಯ ಹಿಂದೆ ಬರೆದ ಅಳತೆ

“ಟಿವಿ ಬೇಡ ಅಂತ ನಿಲ್ಲಿಸಿ ಮೂರು ತಿಂಗಳಾಯ್ತು... ಈಗ ಇದೆಂಥ ದಂಡ! ಆ ಸೆಟ್‌ಟಾಪ್ ಬಾಕ್ಸ್ ವಾಪಸ್ ಕೊಟ್ಟೆಯೋ, ಎಲ್ಲಾದರೂ ಮಾರ್ಕೊಂಡೆಯೋ?”

ಅತ್ತೆ ಬಿಲ್ಲನ್ನು ಕಿರಿಸೊಸೆಯ ಮುಂದೆ ಎಸೆದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹಿರಿಸೊಸೆಯ ಕಾಲು ಅಲ್ಲೇ ನಿಂತಿತು. ನಿಜ ಹೇಳಬೇಕೆಂದರೆ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು!

ಆಗಬಾರದೇ ಮತ್ತೆ? ಹತ್ತು ವರ್ಷ ಹೊಲಿದು ಹೊಲಿದು ಬೆನ್ನು ಬಾಗಿದರೂ ಇವಳಿಗೆ ಒಂದು ಒಳ್ಳೆಯ ಮಾತಿಲ್ಲ. ಹೋದ ವರ್ಷ ಬಂದ ವಾರಗಿತ್ತಿ ಒಂದು ಲೋಟ ತೊಳೆದಿಟ್ಟರೂ “ನನ್ನ ಬಂಗಾರ!” ಈಗ ಆ ಬಂಗಾರಕ್ಕೂ ಬಿಸಿ ತಟ್ಟಲಿ.

ಬಾಕ್ಸ್ ಕೊಟ್ಟ ರಸೀದಿ ಎಲ್ಲಿದೆಯೆಂದು ಇವಳಿಗೆ ಚೆನ್ನಾಗಿ ಗೊತ್ತಿತ್ತು. ಅಂದೇ ಕಿರಿಯಳು ತಂದು, “ಅಕ್ಕಾ, ನಿಮ್ಮ ಹತ್ತಿರ ಇದ್ದರೆ ಭದ್ರ” ಎಂದು ಕೊಟ್ಟಿದ್ದಳು. ಜೊತೆಗೆ ತನಗೊಂದು ರವಿಕೆ ಹೊಲಿಸಿಕೊಳ್ಳಲು ಬಟ್ಟೆ. ಕೈಗೆ ಸಿಕ್ಕ ಕಾಗದದ ಮೇಲೆ ಅಳತೆ ಗೀಚಿ ಬಟ್ಟೆಗೆ ಪಿನ್ ಚುಚ್ಚಿಡುವುದು ಇವಳ ಅಭ್ಯಾಸ. ಆ ದಿನ ಗೀಚಿದ್ದು ಆ ರಸೀದಿಯ ಹಿಂದೆಯೇ. ಹೊಲಿಯಲು ಮಾತ್ರ ಮನಸ್ಸಾಗದೆ ಎರಡನ್ನೂ ಗಂಟು ಕಟ್ಟಿ ಕಪಾಟಿನ ತಳಕ್ಕೆ ತಳ್ಳಿದ್ದಳು.

ಕಿರಿಯಳು ಕೇಬಲ್ ಕಂಪನಿಗೆ ಫೋನ್ ಮಾಡಿದಳು. “ರಸೀದಿ ತೋರಿಸಿ ಮೇಡಂ, ಇಲ್ಲದಿದ್ದರೆ ಕಟ್ಟಲೇಬೇಕು” ಎಂದಿತು ಆ ಕಡೆಯ ದನಿ.

“ಎಲ್ಲೇ ರಸೀದಿ?” ಅತ್ತೆ ಗದರಿದರು.

ಕಿರಿಯಳು ಒಮ್ಮೆ ವಾರಗಿತ್ತಿಯನ್ನು ನೋಡಿದಳು. ಹಿರಿಯಳು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದಳು.

“ನಾನೇ... ಎಲ್ಲೋ ಕಳೆದುಬಿಟ್ಟೆ ಅತ್ತೆ.”

“ಹಾಗಾದರೆ ನಿನ್ನ ನರ್ಸಿಂಗ್ ಪರೀಕ್ಷೆಗೆ ಇಟ್ಟಿರೋ ದುಡ್ಡಲ್ಲೇ ಕಟ್ಟು! ಮುಂದಿನ ವರ್ಷ ಬರಿ ಪರೀಕ್ಷೆ!”

ಪರೀಕ್ಷೆಯ ಶುಲ್ಕ ಕಟ್ಟಲು ನಾಳೆಯೇ ಕೊನೆಯ ದಿನ. ಕಿರಿಯಳು ಎದ್ದು ಅಡುಗೆಮನೆಗೆ ನಡೆದಳು; ಹಿರಿಯಳೂ ಅವಳ ಹಿಂದೆಯೇ ಹೋದಳು.

“ನನ್ನ ಕೈಗೆ ಕೊಟ್ಟಿದ್ದೆ ಅಂತ ಯಾಕೆ ಹೇಳಲಿಲ್ಲ?”

“ಕೆಲಸದ ಗಡಿಬಿಡಿಯಲ್ಲಿ ಎಲ್ಲೋ ಇಟ್ಟು ಮರೆತಿರ್ತೀರ ಅಕ್ಕಾ...” ಕಿರಿಯಳು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಹತ್ತು ವರ್ಷದಿಂದ ನೀವೇ ಬೈಸಿಕೊಂಡಿದ್ದೀರ. ಇದೊಂದು ಸಲ ನನಗಿರಲಿ ಬಿಡಿ.”

ಅಯ್ಯೋ! ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟೆ ನಾನು... ಅವಳು ಓಡಿಹೋಗಿ ಗಂಟನ್ನು ಎಳೆದು ತಂದು ಅತ್ತೆಯ ಮುಂದೆ ಬಿಚ್ಚಿದಳು.

“ರಸೀದಿ ಇಲ್ಲಿದೆ ಅತ್ತೆ. ಮರೆತಿರಲಿಲ್ಲ, ಬೇಕಂತಲೇ ಬಾಯಿ ಮುಚ್ಚಿಕೊಂಡಿದ್ದೆ. ನೀವು ಅವಳನ್ನ ಬಂಗಾರ ಅಂದಾಗಲೆಲ್ಲ ನನ್ನ ಹೊಟ್ಟೆ ಉರೀತಿತ್ತು! ಒಂದು ದಿನ... ಒಂದೇ ಒಂದು ದಿನ ನನ್ನನ್ನ ಹಾಗೆ ಕರೆದಿದ್ದೀರಾ?”

ಅತ್ತೆ ರಸೀದಿಯನ್ನು ಬಿಡಿಸಿ ಕಿರಿಯಳ ಕೈಗಿಟ್ಟರು.

ಕಿರಿಯಳು ಮತ್ತೆ ಫೋನ್ ಮಾಡಿ ರಸೀದಿಯ ಸಂಖ್ಯೆ ಓದಿದಳು. ದಂಡ ರದ್ದಾಯಿತು. ಆದರೆ ನಾಳೆ ಅಸಲು ರಸೀದಿಯನ್ನು ಕಚೇರಿಗೆ ಕೊಡಬೇಕಂತೆ.

“ಹಾಗಾದರೆ ನನ್ನ ಅಳತೆ ಹೋಯ್ತಲ್ಲ ಅಕ್ಕಾ!” ಎಂದು ಕಿರಿಯಳು ರಸೀದಿಯ ಹಿಂಬದಿ ತೋರಿಸಿ ಅಳುತ್ತಲೇ ನಕ್ಕಳು.

“ಬಾರೇ ಇಲ್ಲಿ.” ಹಿರಿಯಳು ಕೊರಳಲ್ಲಿದ್ದ ಟೇಪು ತೆಗೆದು ಅವಳ ಭುಜಕ್ಕೆ ಹಿಡಿದಳು. ಕಣ್ಣು ಮಂಜಾಗಿ ಅಂಕಿಯೇ ಕಾಣಿಸಲಿಲ್ಲ.

ಅತ್ತೆ ನೆಲದ ಮೇಲಿದ್ದ ಬಿಲ್ಲನ್ನು ಎತ್ತಿ ಮಗುಚಿ, ಪೆನ್ಸಿಲ್ ಹಿಡಿದು ಹಿರಿಸೊಸೆಯ ಪಕ್ಕದಲ್ಲಿ ಕೂತರು.

“ಕಣ್ಣೊರೆಸಿಕೊಂಡು ಸರಿಯಾಗಿ ನೋಡಿ ಹೇಳು, ಬಂಗಾರ... ನಾನು ಬರ್ಕೋತೀನಿ.”